ವಾಸಸ್ಥಾನ ನಿರ್ಣಯವೂ ಬಾಲಶಿಕ್ಷೆಯೂ: ಹಡಗಲಿ–ಹರಪನಹಳ್ಳಿ ಸೀಮೆಯ ಚರಿತ್ರೆಯಲ್ಲಿ ಒಂದು ವಿಚಾರ

ಗೃಹಸ್ಥನು ಯಾವ ಊರಿನಲ್ಲಿ ನೆಲಸತಕ್ಕದ್ದು, ಯಾವುದನ್ನು ತ್ಯಜಿಸತಕ್ಕದ್ದು ಎಂಬ ವಿಚಾರವು ಸಂಸ್ಕೃತ ನೀತಿಗ್ರಂಥಗಳಲ್ಲಿ ಪದೇ ಪದೇ ಬರುವುದು. ಚಾಣಕ್ಯನ ಹೆಸರಿನಲ್ಲಿ ಪ್ರಚಾರದಲ್ಲಿರುವ ನೀತಿಸಂಗ್ರಹವು ಧನಿಕ, ಶ್ರೋತ್ರಿಯ, ಅರಸು, ನದಿ, ವೈದ್ಯ ಎಂಬ ಐದನ್ನು ಎಣಿಸಿ, ಇವಿಲ್ಲದೆಡೆ ಒಂದು ದಿನವೂ ಇರಲಾಗದೆಂದು ವಿಧಿಸುತ್ತದೆ. ಹಿತೋಪದೇಶಾದಿಗಳಲ್ಲಿಯೂ ಕಾಣುವ ಇನ್ನೊಂದು ಎಣಿಕೆಯಲ್ಲಿ ಸನ್ಮಾನ, ಜೀವನೋಪಾಯ, ಬಂಧುಜನ, ವಿದ್ಯಾಪ್ರಾಪ್ತಿ ಎಂಬ ನಾಲ್ಕು ಬರುತ್ತವೆ. ಮೊದಲನೆಯ ಪಟ್ಟಿಯು ಪ್ರಾಯಸ್ಥನಾದ ಪುರುಷನ ಕಣ್ಣಿನಿಂದ ಊರನ್ನು ನೋಡಿದುದು. ಸಾಲ, ವ್ಯಾಜ್ಯ, ರೋಗ ಇವು ಅವನ ಚಿಂತೆಗಳು. ಎರಡನೆಯದರಲ್ಲಿ ವಿದ್ಯೆಯ ಮಾತು ಬಂದಿದೆಯಾದರೂ ಅದು ನೆಲಸಬಂದವನ ವಿದ್ಯೆಯೋ ಅವನ ಸೆರಗು ಹಿಡಿದು ಬಂದ ಮಕ್ಕಳ ವಿದ್ಯೆಯೋ ಎಂಬುದು ಸ್ಪಷ್ಟವಾಗಿಲ್ಲ. ಎಳೆಯ ಮಕ್ಕಳನ್ನು ಕಟ್ಟಿಕೊಂಡು ಊರು ಬದಲಿಸುವವನಿಗೆ ಯಾವ ಕೇರಿಯು ತಕ್ಕುದೆಂಬ ಪ್ರಶ್ನೆಗೆ ಶಾಸ್ತ್ರದಲ್ಲಿ ನೇರವಾದ ಉತ್ತರವಿಲ್ಲ. ಅದನ್ನು ಚರಿತ್ರೆಯಲ್ಲಿ ಹುಡುಕಬೇಕಾಗಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯು ಈ ಹುಡುಕಾಟಕ್ಕೆ ಒಳ್ಳೆಯ ಕ್ಷೇತ್ರ.

ಶಾಸ್ತ್ರದಲ್ಲಿ ಉತ್ತರವಿಲ್ಲದಿರುವುದಕ್ಕೆ ಕಾರಣವೂ ಉಂಟು. ಅರ್ಥಶಾಸ್ತ್ರದ ದುರ್ಗನಿವೇಶ ಪ್ರಕರಣದಲ್ಲಿ ಪುರದ ಉತ್ತರಕ್ಕೆ ಬ್ರಾಹ್ಮಣರು, ಪೂರ್ವಕ್ಕೆ ಕ್ಷತ್ರಿಯರು, ದಕ್ಷಿಣಕ್ಕೆ ವೈಶ್ಯರು, ಪಶ್ಚಿಮಕ್ಕೆ ಶೂದ್ರರು ಎಂದು ದಿಕ್ಕುಗಳನ್ನು ಹಂಚಿದೆ. ಚಂಡಾಲರಿಗೆ ಶ್ಮಶಾನದ ಅಂಚು. ಹೀಗೆ ಹುಟ್ಟಿನಿಂದಲೇ ಕೇರಿಯು ನಿಶ್ಚಿತವಾಗಿರುವಾಗ ಆಯ್ಕೆಯ ಮಾತೆಲ್ಲಿಯದು? ಚೌಲವಾದ ಬಳಿಕ ರಾಜಪುತ್ರನು ಲಿಪಿಯನ್ನೂ ಗಣಿತವನ್ನೂ ಕಲಿಯತಕ್ಕದ್ದೆಂದು ಅದೇ ಗ್ರಂಥವು ಬೇರೆಡೆ ಹೇಳುತ್ತದೆ; ಆದರೆ ನಗರನಿವೇಶಕ್ಕೂ ಬಾಲಶಿಕ್ಷೆಗೂ ಅಲ್ಲಿ ಸಂಬಂಧವನ್ನು ಕಲ್ಪಿಸಿಲ್ಲ.

ಶಾಸನಗಳ ಕಾಲಕ್ಕೆ ಬಂದರೆ ವಿದ್ಯೆಗಾಗಿ ಸ್ಥಳಾಂತರ ಮಾಡಿದ ಉದಾಹರಣೆಗಳು ದೊರೆಯುವುವು. ತಾಳಗುಂದದ ಸ್ತಂಭಶಾಸನದ ಪ್ರಕಾರ ಮಯೂರಶರ್ಮನು ವೀರಶರ್ಮನೊಡನೆ ಕಾಂಚಿಯ ಘಟಿಕೆಗೆ ಹೋದದ್ದು ವೇದವಿದ್ಯೆಯನ್ನು ಪೂರ್ಣಗೊಳಿಸುವುದಕ್ಕಾಗಿ. ಅಲ್ಲಿ ಅಶ್ವಾರೋಹಿಯೊಡನೆ ಕಲಹವಾಗಿ ರಾಜ್ಯಸ್ಥಾಪನೆಯಾದದ್ದು ಅನುಷಂಗಿಕ. ಆದರೆ ಅಲ್ಲಿ ಹೋದವನು ಪ್ರೌಢವಿದ್ಯಾರ್ಥಿ. ಮನೆಮಂದಿಯೆಲ್ಲ ನೆಲಸುವ ಬಗೆಯೆಂದರೆ ಅಗ್ರಹಾರ. ಹರಪನಹಳ್ಳಿಗೆ ಸಮೀಪದ ಬಾಗಳಿಯು ಬಲ್ಗುಳಿಯೆಂಬ ಹೆಸರಿನಿಂದ ಹತ್ತನೆಯ ಶತಮಾನದಿಂದಲೂ ಪ್ರಸಿದ್ಧವಾಗಿದ್ದಿತು. ಅಲ್ಲಿಯ ಕಲ್ಲೇಶ್ವರ ದೇವಾಲಯದ ಶಾಸನಗಳಲ್ಲಿ ಊರಿನ ಐವತ್ತು ಮಹಾಜನರ ಉಲ್ಲೇಖವಿದೆ. ವೃತ್ತಿ, ನಿವೇಶನ, ಕೆರೆ, ದೇವಾಲಯ ಇವೆಲ್ಲವನ್ನೂ ಒಟ್ಟಿಗೆ ಕಲ್ಪಿಸಿಕೊಟ್ಟ ಇಂಥ ಸ್ಥಳದಲ್ಲಿ ಬಾಲಕನ ಓದು ಮನೆಯ ಜಗಲಿಯಲ್ಲಿಯೇ ನಡೆಯುತ್ತಿದ್ದಿರಬೇಕು. ಇದೇ ಚಾಲುಕ್ಯ ರಾಜ್ಯದ ನಾಗಾವಿಯಲ್ಲಿ 1058ರ ಶಾಸನವು ಘಟಿಕಾಸ್ಥಾನದ ಉಪಾಧ್ಯಾಯರಿಗಲ್ಲದೆ ಸರಸ್ವತೀ ಭಂಡಾರಿಕರಿಗೂ ಭೂಮಿಯನ್ನು ಬಿಡಿಸಿದುದನ್ನು ತಿಳಿಸುತ್ತದೆ. ಅಗ್ರಹಾರದ ಗುಣ ಇದು. ದೋಷವೆಂದರೆ, ಆಹ್ವಾನವಿಲ್ಲದವನಿಗೆ ಅದರ ಬಾಗಿಲು ತೆರೆಯದು.

ಸಾಮಾನ್ಯ ಗೃಹಸ್ಥರ ಮಕ್ಕಳ ವಿಷಯದಲ್ಲಿ ಈ ಸೀಮೆಗೆ ದೊರೆಯುವ ಅತ್ಯಂತ ಬೆಲೆಯುಳ್ಳ ಸಾಧನವು ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ಲನು 1823ರ ಆಗಸ್ಟ್ ತಿಂಗಳಲ್ಲಿ ಮದರಾಸು ಸರಕಾರಕ್ಕೆ ಬರೆದ ವರದಿ. 1800ರಲ್ಲಿ ನಿಜಾಮನಿಂದ ಕುಂಪಣಿಗೆ ಬಂದ ದತ್ತಮಂಡಲದ ಭಾಗವಾದ ಈ ಜಿಲ್ಲೆಯಲ್ಲಿ ಆಗ ಅನಂತಪುರವೂ ಸೇರಿದ್ದಿತು; ಅದು ಬೇರೆಯಾದದ್ದು 1882ರಲ್ಲಿ. ಇಂತಹ ಹಿರಿಯ ಜಿಲ್ಲೆಯ 9,27,857 ಜನಸಂಖ್ಯೆಗೆ ಶಾಲೆಗಳು 533, ಓದುವವರು 6,641. ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಫಾರಸಿಯವು 21, ತಮಿಳಿನವು 4, ಇಂಗ್ಲೀಷಿನದು 1, ಸಂಸ್ಕೃತ ಶಾಸ್ತ್ರಪಾಠದವು 23. ಇವುಗಳಲ್ಲಿ ಒಂದಕ್ಕೂ ಸರಕಾರದಿಂದ ಸಹಾಯವಿಲ್ಲವೆಂದು ಹೇಳಲು ತನಗೆ ನಾಚಿಕೆಯಾಗುವುದೆಂದು ಅವನು ಬರೆದಿದ್ದಾನೆ. ಅಧಿಕಾರಿಯೊಬ್ಬನ ಲೇಖನಿಯಿಂದ ಇಂಥ ಮಾತು ಹೊರಡುವುದು ಅಪೂರ್ವ.

ಸಂಖ್ಯೆಗಳಿಗಿಂತಲೂ ಅವನ ವರ್ಣನೆಯು ಪ್ರಕೃತ ವಿಚಾರಕ್ಕೆ ಉಪಯುಕ್ತವಾದುದು. ಮಗುವಿಗೆ ಐದು ವರ್ಷವಾದಾಗ ಉಪಾಧ್ಯಾಯನನ್ನೂ ಶಾಲೆಯ ಹುಡುಗರನ್ನೂ ಮನೆಗೆ ಕರೆದು, ಗಣಪತಿಯ ಸುತ್ತ ಕುಳ್ಳಿರಿಸಿ, ಮಗುವಿನ ಬೆರಳನ್ನು ಹಿಡಿದು ಅಕ್ಕಿಯಲ್ಲಿ ದೇವನಾಮವನ್ನು ಬರೆಯಿಸುತ್ತಿದ್ದರು. ಅಂದರೆ ಮಗುವು ಶಾಲೆಗೆ ಹೋಗುವುದಕ್ಕೆ ಮುಂಚೆ ಶಾಲೆಯೇ ಮಗುವಿನ ಮನೆಗೆ ಬರುತ್ತಿದ್ದಿತು. ಓರಗೆಯವರ ಮುಖಪರಿಚಯವು ಅಲ್ಲಿಯೇ ಆಗುತ್ತಿದ್ದಿತು. ಆಮೇಲೆ ಮರಳಿನ ಮೇಲೆ ಬೆರಳಿನಿಂದ ಅಕ್ಷರ, ಅನಂತರ ಹಲಗೆ ಅಥವಾ ಕಡತದ ಮೇಲೆ ಬಳಪ, ಓಲೆಯ ಮೇಲೆ ಕಂಟ. ಬಲ್ಲ ಹುಡುಗರು ಅರಿಯದ ಹುಡುಗರಿಗೆ ಕಲಿಸುವ ಇಲ್ಲಿಯ ಪದ್ಧತಿಯನ್ನು ಇಂಗ್ಲೆಂಡಿನವರು ಅನುಕರಿಸಿದ್ದು ಯೋಗ್ಯವೇ ಆಯಿತೆಂದು ಅವನು ಮೆಚ್ಚಿದ್ದಾನೆ.

ಶಾಲೆಗೆ ಸೇರುವ ವೇಳೆ ಬೆಳಗಿನ ಆರು ಗಂಟೆ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಅವನು ಹೊಗಳಿಕೆಗೂ ತೆಗಳಿಕೆಗೂ ಪಾತ್ರನಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆಯೇ ಬಂದಂತೆಲ್ಲ ಒಂದೊಂದು ಹೆಚ್ಚು. ಕ್ಯಾಂಪ್‌ಬೆಲ್ಲನು ಇದನ್ನು ಶಿಸ್ತಿನ ಕ್ರಮವೆಂದು ಬರೆದಿದ್ದಾನೆ. ಆದರೆ ಕೇರಿಗಳ ದೃಷ್ಟಿಯಿಂದ ಪರ್ಯಾಲೋಚಿಸಿದರೆ ಬೇರೊಂದು ಅರ್ಥವೂ ಹೊಳೆಯುವುದು. ಉಪಾಧ್ಯಾಯನ ಜಗಲಿಗೆ ಹತ್ತಿರದ ಓಣಿಯಲ್ಲಿ ಮನೆಯುಳ್ಳ ಹುಡುಗನಿಗೆ ಸರಸ್ವತಿಯು ಸುಲಭ; ಅಗಸೆಯ ಆಚೆಯಿಂದ ಬರುವ ಐದು ವರ್ಷದ ಮಗುವಿಗೆ ಏಟುಗಳೇ ಸುಲಭ. ತಂದೆಯು ಹಿಡಿದ ಮನೆಯು ಮಗನ ಅಂಗೈಯಲ್ಲಿ ಪ್ರತಿದಿನವೂ ಲೆಕ್ಕಕ್ಕೆ ಬರುತ್ತಿದ್ದಿತು.

ಓದುತ್ತಿದ್ದ ಗ್ರಂಥಗಳ ವಿಷಯವೂ ಗಮನಾರ್ಹವಾದುದು. ರಾಮಾಯಣ, ಮಹಾಭಾರತ, ಭಾಗವತಗಳು ಎಲ್ಲ ಶಾಲೆಗಳಿಗೂ ಸಮಾನ. ಕಸಬುದಾರರ ಮಕ್ಕಳಿಗೆ ವಿಶ್ವಕರ್ಮಪುರಾಣವೇ ಮೊದಲಾದುವು. ಲಿಂಗವಂತರ ಮಕ್ಕಳಿಗೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣ. ವ್ಯಾಕರಣ ಕೋಶಗಳ ಪಟ್ಟಿಯಲ್ಲಿ ಅಮರದೊಡನೆ ಶಬ್ದಮಣಿದರ್ಪಣವೂ ಇರುವುದನ್ನು ಕನ್ನಡ ಉಪಾಧ್ಯಾಯರು ಸಂತೋಷದಿಂದ ನೋಡಬಹುದು. ಉಜ್ಜಿನಿಯ ಪೀಠ, ಕೊಟ್ಟೂರಿನ ಗುರುಬಸವೇಶ್ವರನ ಸನ್ನಿಧಿ ಇವುಗಳಿರುವ ಈ ಸೀಮೆಯಲ್ಲಿ ಎರಡನೆಯ ಬಗೆಯ ಗ್ರಂಥಗಳ ಪ್ರಚಾರವು ಹೆಚ್ಚೆಂದು ಊಹಿಸಲು ಅಡ್ಡಿಯಿಲ್ಲ. ಹೀಗೆ ಕೇರಿಯನ್ನು ಹಿಡಿದವನು ಮಗುವಿನ ಪುಸ್ತಕವನ್ನೂ ಹಿಡಿದಂತಾಯಿತು. ಪದ್ಯಗಳ ಭಾಷೆಯು ಆಡುಮಾತಿಗಿಂತ ಬೇರೆಯಾದುದರಿಂದ ಹುಡುಗರು ಅರ್ಥವರಿಯದೆ ಬಾಯಿಪಾಠ ಮಾಡುತ್ತಿದ್ದರೆಂಬ ಆಕ್ಷೇಪವನ್ನು ಅವನು ಎತ್ತಿರುವುದು ನಿಜ. ಆ ಆಕ್ಷೇಪವು ಎಲ್ಲ ಕಾಲದ ಶಾಲೆಗಳಿಗೂ ಸಲ್ಲುವಂಥದು.

ಜಾತಿವಾರು ಪಟ್ಟಿಯಲ್ಲಿ ಹುಡುಗರು ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರು 2,998, ಇತರ ಜಾತಿಯವರು 1,174, ಮುಸಲ್ಮಾನರು 243. ಹಿಂದೂ ಹುಡುಗರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕೊನೆಯ ಎರಡು ಹಿಂದೂ ವರ್ಗಗಳಿಗೆ ಸೇರಿದವರು. ವಿದ್ಯೆಯು ಬ್ರಹ್ಮಪುರಿಯೊಂದರಲ್ಲಿಯೇ ಇದ್ದಿತೆಂಬ ವಾಡಿಕೆಯ ಮಾತಿಗೆ ಇದು ಪ್ರತಿಕೂಲವಾದ ಪ್ರಮಾಣ. ಹುಡುಗಿಯರು ಮಾತ್ರ ಒಟ್ಟು 60; ಅವರಲ್ಲಿ ಬ್ರಾಹ್ಮಣರ ಮನೆಯವರು ಇಬ್ಬರೇ. ಹರಿದಾಸಸಾಹಿತ್ಯದಲ್ಲಿ ಹರಪನಹಳ್ಳಿ ಭೀಮವ್ವನೆಂದು ಪ್ರಸಿದ್ಧಳಾದವಳು ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದ್ದು ಇದೇ 1823ರಲ್ಲಿ, ನಾರಾಯಣದೇವರ ಕೆರೆಯಲ್ಲಿ. ಮದುವೆಯಾಗಿ ಹೋದ ಊರಿನ ಹೆಸರೇ ಅವಳಿಗೆ ನಿಂತಿತು. ಹೆಣ್ಣುಮಕ್ಕಳಿಗೆ ಊರನ್ನೂ ಕೇರಿಯನ್ನೂ ಆಯುವವರು ಯಾವಾಗಲೂ ಬೇರೆಯವರು.

ಆ ನಾರಾಯಣದೇವರ ಕೆರೆಯು ಈಗ ನೀರಿನಲ್ಲಿದೆ. 1945ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯವು ಎರಡೂ ದಡಗಳ ಸುಮಾರು 90 ಹಳ್ಳಿಗಳನ್ನು ಮುಳುಗಿಸಿ, ಐವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಿತು. ನಾರಾಯಣದೇವರ ಕೆರೆಯವರು ಮರಿಯಮ್ಮನಹಳ್ಳಿಯಲ್ಲಿ ನೆಲಸಿದರು. ಇಷ್ಟು ಮಂದಿ ಗೃಹಸ್ಥರು ಮಕ್ಕಳು ಮರಿಗಳೊಡನೆ ಏಕಕಾಲದಲ್ಲಿ ಹೊಸ ನೆಲೆ ನೋಡಬೇಕಾಗಿ ಬಂದದ್ದು ಈ ಸೀಮೆಯ ಚರಿತ್ರೆಯಲ್ಲಿ ದೊಡ್ಡ ಘಟನೆ. ಆಗ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯಿದೆಯು ನೆಲದ ಪೇಟೆಯ ಬೆಲೆ, ಪೈರು, ಮರ ಇವುಗಳೊಡನೆ, ವಾಸಸ್ಥಳವನ್ನು ಬದಲಿಸಬೇಕಾದವನಿಗೆ ತಗಲುವ ಯುಕ್ತವಾದ ಖರ್ಚನ್ನೂ ಪರಿಹಾರದಲ್ಲಿ ಸೇರಿಸಿದ್ದಿತು. ಗಾಡಿಬಾಡಿಗೆಯು ಆ ಲೆಕ್ಕದೊಳಗೆ ಬಂದೀತು; ಐಗಳ ಜಗಲಿಯ ಅಂತರವು ಬಾರದು. ಆ ಕಾಯಿದೆಯ ಬದಲಿಗೆ 2014ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯು ಪುನರ್ವಸತಿಯ ಸ್ಥಳದಲ್ಲಿ ಇರಲೇಬೇಕಾದ ಅನುಕೂಲಗಳಲ್ಲಿ ಶಾಲೆಯನ್ನೂ ಎಣಿಸಿದೆ. ಅದಕ್ಕೆ ಮುಂಚೆಯೇ 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ನೆರೆಹೊರೆಯ ಶಾಲೆಯೆಂಬ ಕಲ್ಪನೆಯನ್ನು ತಂದಿದ್ದಿತು. ಕೇಂದ್ರದ 2010ರ ನಿಯಮಗಳು ಒಂದರಿಂದ ಐದನೆಯ ತರಗತಿಯವರೆಗೆ ಒಂದು ಕಿಲೋಮೀಟರನ್ನೂ, ಆರರಿಂದ ಎಂಟರವರೆಗೆ ಮೂರು ಕಿಲೋಮೀಟರನ್ನೂ ಮೇರೆಯಾಗಿ ಇಟ್ಟಿವೆ. ಮನೆಯು ಶಾಲೆಯನ್ನು ಹುಡುಕಿಕೊಂಡು ಹೋಗುವ ಪೂರ್ವಕ್ರಮವು ಇಲ್ಲಿ, ಕಾಗದದ ಮೇಲಾದರೂ, ತಿರುವುಮುರುವಾಗಿದೆ.

ಹರಪನಹಳ್ಳಿಯ ವಿಷಯದಲ್ಲಿ ಇನ್ನೊಂದು ವಿಚಿತ್ರವು ನಡೆಯಿತು. ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲೂಕು 1997ರಲ್ಲಿ ಹೊಸದಾದ ದಾವಣಗೆರೆ ಜಿಲ್ಲೆಗೆ ಸೇರಿತು. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371ಜೆ ಅನುಚ್ಛೇದವು ಬಳ್ಳಾರಿಯೂ ಸೇರಿದಂತೆ ಆಗಿನ ಆರು ಜಿಲ್ಲೆಗಳಲ್ಲಿ ಜನನದಿಂದಾಗಲಿ ವಾಸದಿಂದಾಗಲಿ ಸೇರಿದವರಿಗೆ ವಿದ್ಯಾಸಂಸ್ಥೆಗಳಲ್ಲಿಯೂ ಉದ್ಯೋಗಗಳಲ್ಲಿಯೂ ಮೀಸಲಾತಿಗೆ ಅವಕಾಶ ಮಾಡಿಕೊಟ್ಟಿತು. ಎಲ್ಲೆಯ ಈಚೆ ಹಡಗಲಿಯ ಬಾಲಕನಿಗೆ ಇದ್ದುದು ಆಚೆ ಹರಪನಹಳ್ಳಿಯ ಬಾಲಕನಿಗೆ ಇಲ್ಲವಾಯಿತು. ಬಹಳ ಒತ್ತಾಯವಾದ ಮೇಲೆ 2018ರಲ್ಲಿ ತಾಲೂಕು ಮರಳಿ ಬಳ್ಳಾರಿಗೆ ಬಂದಿತು. 2021ರಲ್ಲಿ ಹೊಸಪೇಟೆ ಮತ್ತು ಇತರ ನಾಲ್ಕು ತಾಲೂಕುಗಳೊಡನೆ ವಿಜಯನಗರ ಜಿಲ್ಲೆಯಾಯಿತು. 1990ರಲ್ಲಿ ಹರಪನಹಳ್ಳಿಯ ಒಂದು ಓಣಿಯಲ್ಲಿ ಹುಟ್ಟಿದವನು ಮನೆಯ ಹೊಸ್ತಿಲನ್ನು ಬದಲಿಸದೆಯೇ ಬಳ್ಳಾರಿ, ದಾವಣಗೆರೆ, ಮರಳಿ ಬಳ್ಳಾರಿ, ವಿಜಯನಗರ ಎಂದು ನಾಲ್ಕು ಬಾರಿ ಬೇರೆ ಬೇರೆ ಜಿಲ್ಲೆಯ ನಿವಾಸಿಯಾಗಿದ್ದಾನೆ.