ನಮ್ಮ ಹಿರಿಯರ ಮಳೆಗಾದೆಗಳು: ಅಕ್ಕಲಕೋಟ-ಜತ್ತ ಸೀಮೆಯ ಒಂದು ಸ್ಮರಣೆ

ಚರಿತ್ರೆಯೆಂದೊಡನೆ ಶಿಲಾಶಾಸನ, ತಾಮ್ರಪಟ, ಕೋಟೆ ಕೊತ್ತಳಗಳು ನೆನಪಿಗೆ ಬರುವುದು ಸಹಜವೇ ಸರಿ. ನಮ್ಮ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಒಕ್ಕಲು ಮನೆತನಗಳಾದರೋ ತಮ್ಮ ಚರಿತ್ರೆಯನ್ನು ನಾಲಗೆಯ ಮೇಲೆ ಉಳಿಸಿಕೊಂಡು ಬಂದಿವೆ. ಮುತ್ಯಾ ಕಟ್ಟೆಯ ಮೇಲೆ ಕುಳಿತು ಮುಗಿಲು ನೋಡುತ್ತ ಆಡಿದ ಮಾತು, ಆಯಿ ಬೀಸುಕಲ್ಲಿನ ಮುಂದೆ ಕುಳಿತು ಆಡಿದ ಮಾತು, ಇವೇ ನಮ್ಮ ದಫ್ತರಗಳು. ಅವುಗಳಲ್ಲಿ ಮಳೆಯನ್ನು ಕುರಿತ ಕೆಲವು ಗಾದೆಗಳನ್ನು ಈ ಸಂಚಿಕೆಯ ವಾಚಕ ಬಂಧುಗಳ ಮುಂದೆ ಇಡಬೇಕೆಂದು ನಾವು ಬಯಸಿದ್ದೇವೆ.

ನಮ್ಮ ಸೀಮೆಯು ಮಳೆಯ ನೆರಳಿನ ಸೀಮೆ. ಪಡುವಣ ಘಟ್ಟವನ್ನು ದಾಟಿ ಬರುವಷ್ಟರಲ್ಲಿ ಮುಂಗಾರಿನ ಮೋಡಗಳು ಬರಿದಾಗಿರುತ್ತವೆ. ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಅದರಲ್ಲಿಯೂ ಸಪ್ಟಂಬರ ತಿಂಗಳಿನದೇ ಹೆಚ್ಚಿನ ಪಾಲು. ಆದಕಾರಣ ಇಲ್ಲಿಯ ಎರೆಭೂಮಿಯ ಮುಖ್ಯ ಬೆಳೆ ಹಿಂಗಾರಿ ಜೋಳ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸುವುದನ್ನೇ ಶಿವಪೂಜೆಯೆಂದು ಬಗೆದುದರ ಅರ್ಥ ಈ ನೆಲದಲ್ಲಿ ಬಾಳಿದವರಿಗೆ ಬೇಗನೆ ಹೊಳೆಯುತ್ತದೆ. ಇಂಥ ನೆಲದಲ್ಲಿ ಮಳೆಯ ಲೆಕ್ಕ ತಪ್ಪಿದವನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ.

ಆ ಲೆಕ್ಕವನ್ನು ಹಿರಿಯರು ನಕ್ಷತ್ರಗಳಿಂದ ಇಟ್ಟರು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನಗಳಿರುತ್ತಾನೆ. ಆ ದಿನಗಳಲ್ಲಿ ಬೀಳುವ ಮಳೆಗೆ ಆ ನಕ್ಷತ್ರದ್ದೇ ಹೆಸರು. ಮೇ ತಿಂಗಳ ಕೊನೆಗೆ ರೋಹಿಣಿ, ಜೂನ ಮೊದಲ ವಾರದ ಕೊನೆಗೆ ಮಿರಗ, ಅದರ ಬೆನ್ನಿಗೆ ಆರಿದ್ರಾ. ಅಕ್ಷರ ಬಾರದ ನಮ್ಮ ಆಯಿಗೆ ತಾರೀಖು ತಿಳಿಯದಿದ್ದರೂ ಇಂದು ಯಾವ ಮಳೆ, ಅದು ಹುಟ್ಟಿ ಎಷ್ಟು ದಿನವಾಯಿತು ಎಂಬುದು ಬೆರಳ ತುದಿಯಲ್ಲಿತ್ತು.

“ರೋಣಿ ಮಳಿಗಿ ಓಣೆಲ್ಲಾ ಜ್ವಾಳ” ಎಂದು ಅವಳು ಹೇಳುತ್ತಿದ್ದಳು. ಇದನ್ನು ಗ್ರಂಥಭಾಷೆಗೆ ತಿರುಗಿಸಿ “ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ” ಎಂದು ಬರೆದರೆ ಅರ್ಥವೇನೋ ಉಳಿದೀತು. ಪ್ರಾಸ ಮಾತ್ರ ಸಡಿಲಾಗುತ್ತದೆ. ನಮ್ಮ ಆಡುನುಡಿಯಲ್ಲಿ ರೋಹಿಣಿಯು ರೋಣಿಯಾದುದರಿಂದಲೇ ಓಣಿಯೊಡನೆ ಅದರ ಜೋಡಿ ಕೂಡಿತು. ಪ್ರಾಸ ಕೂಡಿದುದರಿಂದಲೇ ಅದು ಓದುಬರಹವಿಲ್ಲದವರ ನೆನಪಿನಲ್ಲಿ ನಿಂತಿತು. ಇದರಿಂದ ನಾವು ತಿಳಿಯಬೇಕಾದುದಿಷ್ಟು: ಗಾದೆಯು ಹುಟ್ಟಿದ್ದು ಆಡುಮಾತಿನಲ್ಲಿ, ಆಡುಮಾತನ್ನು ಅಶುದ್ಧವೆಂದು ತಿದ್ದಹೊರಟವರು ಗಾದೆಯ ಬೇರನ್ನೇ ಕಡಿಯುತ್ತಾರೆ. “ಆದರ ಆರಿದ್ರಾ, ಇಲ್ಲದಿದ್ದರ ದರಿದ್ರಾ”, “ಮಗಿ ಮಳಿ ಬಂದಷ್ಟೂ ಚಲೋ, ಮನಿ ಮಗ ಉಂಡಷ್ಟೂ ಚಲೋ” ಎಂಬ ಮಾತುಗಳನ್ನೂ ಮುತ್ಯಾ ಹಾಗೆಯೇ ಹೇಳುತ್ತಿದ್ದರು. ಮಗಿಯೆಂದರೆ ಅಗಸ್ಟಿನ ನಡುವೆ ಬರುವ ಮಘೆ. ಹಿಂಗಾರಿಗೆ ನೆಲ ತಣಿಯಲು ಅದೇ ಮೊದಲು.

ಅಕ್ಟೋಬರದ ಚಿತ್ತಿಯನ್ನು ಅವರು “ಕುರುಡ ಚಿತ್ತಿ, ಎರಚಿದತ್ತ ಬೆಳಿ” ಎನ್ನುತ್ತಿದ್ದರು. ಆ ಹೊತ್ತಿಗೆ ಮುಂಗಾರು ಹಿಂದಿರುಗುತ್ತಿರುತ್ತದೆ; ಗುಡುಗಿನ ಮೋಡಗಳು ಅಲ್ಲಲ್ಲಿ ಎದ್ದು ಒಬ್ಬನ ಹೊಲಕ್ಕೆ ಸುರಿದು ಬದುವಿನಾಚೆಯ ಹೊಲವನ್ನು ಒಣಗಿಸಿ ಹೋಗುತ್ತವೆ. ಹವಾಮಾನಶಾಸ್ತ್ರಜ್ಞರು ಹೇಳುವ ಈ ಸಂಗತಿಯನ್ನು ಹಿರಿಯರು ‘ಕುರುಡ’ ಎಂಬ ಒಂದೇ ಶಬ್ದದಲ್ಲಿ ಅಡಗಿಸಿದರು.

ಚಿತ್ತಿಯ ನಂತರ ಸ್ವಾತಿ. “ಸ್ವಾತಿ ಮಳಿ, ಮುತ್ತಿನ ಬೆಳಿ” ಎಂದು ನಾವು ಹೇಳಿದರೆ ನೆರೆಯ ಮರಾಠಿ ಒಕ್ಕಲಿಗನು “ಪಡತೀಲ ಸ್ವಾತಿ ತರ ಪಿಕತೀಲ ಮಾಣಿಕ ಮೋತಿ” ಎನ್ನುತ್ತಾನೆ. ಭಾಷೆ ಎರಡಾದರೂ ಎರಡೂ ಬಾಯಿಯಲ್ಲಿ ಮುತ್ತು ಒಂದೇ. ಗಡಿಯ ವಾದವಿವಾದಗಳು ಏನೇ ಇರಲಿ, ಮುಗಿಲ ಕೆಳಗೆ ನಿಂತವರ ಆಸೆಗೆ ಗಡಿಯಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ಗಾದೆಗಳ ಹಿಂದೆ ಬರಗಾಲಗಳ ನೆರಳಿದೆ. 1791-92ರ ಬರವನ್ನು ಕನ್ನಡಿಗರು ‘ಡೋಗಿ ಬರ’ವೆಂದು ನೆನೆದರು, ಹೂಳುವವರಿಲ್ಲದೆ ಸತ್ತವರ ತಲೆಬುರುಡೆಗಳು ನೆಲದ ಮೇಲೆ ಬಿದ್ದಿದ್ದವೆಂದು ಆ ಹೆಸರು. 1876ರಲ್ಲಿ ಸಪ್ಟಂಬರ, ಅಕ್ಟೋಬರದ ಮಳೆಗಳೇ ಕೈಕೊಟ್ಟವು. ಸೊಲ್ಲಾಪುರ, ಕಲಾದಗಿ ಜಿಲ್ಲೆಗಳು ತತ್ತರಿಸಿದವು. 1896-97 ಮತ್ತು 1899-1900ರಲ್ಲಿ ಪುನಃ ಬರ ಬಿದ್ದಿತು. “ಕೆಟ್ಟು ಪಟ್ಟಣ ಸೇರು” ಎಂಬ ಗಾದೆ ನಾಡಿಗೆಲ್ಲ ಗೊತ್ತಿದ್ದುದೇ. ನಮ್ಮ ಹಳ್ಳಿಗಳಲ್ಲಿ ಅದರ ಅರ್ಥ ಸೊಲ್ಲಾಪುರದ ಗಿರಣಿ ಸೇರು ಎಂಬುದಾಗಿತ್ತು. ಹೊಲ ಕೆಟ್ಟ ಎಷ್ಟೋ ಮನೆತನಗಳು ಹೀಗೆ ನೂಲಿನ ಗಿರಣಿಗಳ ಆಳುಗಳಾದವು.

1972ರ ಬರವನ್ನು ನಮ್ಮ ಮನೆಯವರೇ ಕಂಡರು. ಆ ವರ್ಷ ಮಿರಗ ಹೋಯಿತು, ಆರಿದ್ರಾ ಹೋಯಿತು, ಮಗಿಯೂ ಹೋಯಿತು. ಎತ್ತು ಮಾರಬೇಕೆಂದು ಕಾಕಾ ಹೊರಟಾಗ, “ಸ್ವಾತಿ ಹೋಗೂತನಾ ತಡಿಯಪಾ” ಎಂದು ಮುತ್ಯಾ ತಡೆದರು. ಸ್ವಾತಿಯೂ ಬರಲಿಲ್ಲ. ಅಷ್ಟರಲ್ಲಿ ಎತ್ತುಗಳು ಎಲುಬಿನ ಹಂದರವಾಗಿದ್ದವು, ಅರೆಬೆಲೆಗೂ ಕೊಳ್ಳುವವರಿರಲಿಲ್ಲ. ಮನೆಯ ಗಂಡಸರು ಹೆಂಗಸರು ಬರದ ಕಾಮಗಾರಿಯ ಮೇಲೆ ಖಡಿ ಒಡೆದರು, ಮಕ್ಕಳು ಸುಕಡಿ ತಿಂದರು. ಗಾದೆಯನ್ನು ನಂಬಿ ಕೆಟ್ಟೆವೆಂದು ಕಾಕಾ ಬಹುಕಾಲ ನೊಂದುಕೊಂಡರು. ಆದರೆ ಹಗೆಯಿಂದ ತೆಗೆದಿಟ್ಟ ಒಂದು ಚೀಲ ಬೀಜದ ಜೋಳವನ್ನು ಮಾತ್ರ ಆಯಿ ಯಾರು ಬೇಡಿದರೂ ಬೀಸಲು ಕೊಡಲಿಲ್ಲ. ಮರುವರ್ಷ ಮಳೆ ಬಂದಾಗ ಬಾಡಿಗೆಯ ಎತ್ತುಗಳಿಗೆ ಕೂರಿಗೆ ಹೂಡಿ ಬಿತ್ತಿದ್ದು ಆ ಬೀಜವನ್ನೇ. ಮುತ್ಯಾನ ಗಾದೆ ಸೋತಿತು, ಆಯಿಯ ಎಚ್ಚರ ಗೆದ್ದಿತು. ಗಾದೆಗಳು ಭವಿಷ್ಯ ನುಡಿಯುವುದಿಲ್ಲ. ಅನೇಕ ತಲೆಮಾರುಗಳ ಆಸೆ ಭಯಗಳನ್ನು ನಮಗೆ ದಾಟಿಸುತ್ತವೆ. ಅಷ್ಟರಮಟ್ಟಿಗೆ ಅವನ್ನು ಗೌರವಿಸುವುದು ಸರಿಯೆಂದು ನಮಗೆ ತೋರುತ್ತದೆ.

ಇಂಥ ಮಾತುಗಳನ್ನು ಬರೆದಿಟ್ಟವರ ಋಣ ದೊಡ್ಡದು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲ್ಲರ ನಿಘಂಟುವಿನಲ್ಲಿ ನೂರಾರು ಗಾದೆಗಳು ಸೇರಿವೆ. ನಮಗೆ ಹತ್ತಿರದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹಳ್ಳಿಯ ಹೆಂಗಸರ ಬಾಯಿಂದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಸೊಲ್ಲಾಪುರದ ಮಗಳಾದ ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮನ ಚರಿತ್ರೆಯನ್ನು ಕನ್ನಡದಲ್ಲಿ ಹಾಡಿ, 1974ರ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಅಕ್ಕಲಕೋಟ, ಜತ್ತ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ಪುನರ್ವಿಂಗಡಣೆ, 1960ರ ಮಹಾರಾಷ್ಟ್ರ ಸ್ಥಾಪನೆ, 1967ರ ಮಹಾಜನ ವರದಿ ಎಲ್ಲವೂ ಆಗಿಹೋದವು. ಇವನ್ನು ಬರೆದಿಡಲು ಸರಕಾರಿ ಕಾಗದಗಳಿವೆ. ರೋಣಿ ಮಳೆಯ ಮಾತನ್ನು ಬರೆದಿಡುವವರು ನಾವೇ. ಇಂದು ಕನ್ನಡ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಪುಸ್ತಕದ ರೋಹಿಣಿ ಗೊತ್ತು, ಆಯಿಯ ರೋಣಿ ಗೊತ್ತಿಲ್ಲ. ಜೋಳದ ಹೊಲಗಳಲ್ಲಿ ಕಬ್ಬು, ದಾಳಿಂಬೆ, ದ್ರಾಕ್ಷಿ ನಿಂತಿವೆ. ಮಳೆಯ ಸುದ್ದಿ ಕೈಯೊಳಗಿನ ಫೋನಿನಲ್ಲಿ ಬರುತ್ತದೆ. ಅದು ಬೇಡವೆಂದು ನಾವು ಹೇಳುವುದಿಲ್ಲ.

ಈ ಸಂಚಿಕೆಯನ್ನು ಓದುವ ಪ್ರತಿ ಮನೆಯವರಲ್ಲಿ ನಮ್ಮ ಬಿನ್ನಹವೊಂದಿದೆ. ಮನೆಯಲ್ಲಿ ಹಿರಿಯರಿದ್ದರೆ ಈ ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲಿ ಹೊಲದಲ್ಲಿ ಉಣ್ಣಲು ಕುಳಿತಾಗ ಮಕ್ಕಳ ಕೈಗೆ ಒಂದು ವಹಿ ಕೊಡಿರಿ. ಹಿರಿಯರು ಆಡಿದ ಮಾತನ್ನು ತಿದ್ದದೆ, ಆಡಿದಂತೆಯೇ ಬರೆಯಲಿ. ಯಾವ ಊರು, ಯಾರ ಬಾಯಿ, ಯಾವ ಮಳೆ ಎಂಬುದನ್ನೂ ಬರೆಯಲಿ. ನಮ್ಮ ಆಯಿ ಬೀಜದ ಜೋಳವನ್ನು ಕಾಯ್ದಳು. ಮಾತಿನ ಬೀಜವನ್ನು ಕಾಯುವ ಸರದಿ ಈಗ ನಮ್ಮದು.