ಗೋರಿ ಅಗೆದ ಸಿಪಾಯಿ

ಲಿಂಗಸುಗೂರಿನೊಳಗೆ ಎರಡು ಊರುಗಳಿವೆ. ಒಂದು ಹಳೆಯ ಕಸಬಾ. ಇನ್ನೊಂದು ಹೈದರಾಬಾದ್ ಕಂಟಿಂಜೆಂಟ್ ಪಡೆ ಬೀಡುಬಿಟ್ಟಿದ್ದ ಛಾವಣಿ. ನಿಜಾಮರ ಆಡಳಿತದಲ್ಲಿ ಇದು ಜಿಲ್ಲಾ ಕೇಂದ್ರವೂ ಆಗಿತ್ತು. ಸಿಂಧನೂರು, ಕುಷ್ಟಗಿ, ಗಂಗಾವತಿಗಳಷ್ಟೇ ಅಲ್ಲ, ಕೃಷ್ಣೆಯಾಚೆಯ ಸುರಪುರ, ಶಹಾಪುರಗಳೂ ಲಿಂಗಸುಗೂರು ಜಿಲ್ಲೆಗೇ ಸೇರಿದ್ದವು. ಸುರಪುರದ ಕಥೆಯಲ್ಲಿ ಈ ಛಾವಣಿಗೂ ಪಾಲಿದೆ, ಹೆಮ್ಮೆಪಡುವಂಥ ಪಾಲು ಅಲ್ಲದಿದ್ದರೂ. 1858ರ ಫೆಬ್ರುವರಿಯಲ್ಲಿ ಅಲ್ಲಿನ ರಾಜಾ ವೆಂಕಟಪ್ಪ ನಾಯಕನ ಮೇಲೆ ಕ್ಯಾಪ್ಟನ್ ವಿಂಡ್‌ಹ್ಯಾಮ್ ಪಡೆ ಕರೆದುಕೊಂಡು ಹೊರಟದ್ದು ಇಲ್ಲಿಂದಲೇ.

ಆ ರಾಜನನ್ನು ಎತ್ತಿ ಆಡಿಸಿ ಬೆಳೆಸಿದವನೂ ಒಬ್ಬ ಸಿಪಾಯಿಯೇ: ಫಿಲಿಪ್ ಮೆಡೋಸ್ ಟೇಲರ್. ಹುಟ್ಟಿದ್ದು 1808ರಲ್ಲಿ ಲಿವರ್‌ಪೂಲಿನಲ್ಲಿ. ಹದಿನಾರು ತುಂಬುವ ಮೊದಲೇ ಮುಂಬಯಿಯ ಒಬ್ಬ ವ್ಯಾಪಾರಿಯ ಬಳಿ ಕೆಲಸಕ್ಕೆಂದು ಬಂದ. ಆ ವ್ಯಾಪಾರ ಮುಗ್ಗರಿಸಿತ್ತು. ಅದೇ ವರ್ಷ, 1824ರಲ್ಲಿ, ನಿಜಾಮರ ಸೈನ್ಯ ಸೇರಿದ. ಈಸ್ಟ್ ಇಂಡಿಯಾ ಕಂಪನಿಯ ನೌಕರಿಯ ಭದ್ರತೆ ಅವನಿಗೆ ಕೊನೆಯವರೆಗೂ ಅಷ್ಟಕ್ಕಷ್ಟೆ. 1839ರಲ್ಲಿ ಥಗ್ಗರೆಂಬ ಕೊಲೆಗಡುಕರ ಕುರಿತ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ. 1840ರ ದಶಕದ ಆರಂಭದಲ್ಲಿ ಸುರಪುರಕ್ಕೆ ಅಧಿಕಾರಿಯಾಗಿ ಬಂದಾಗ ರಾಜ ಇನ್ನೂ ಎಳೆಯ ಹುಡುಗ, ಅವನ ತಾಯಿ ರಾಣಿ ಈಶ್ವರಮ್ಮ ಅಧಿಕಾರ ಬಿಟ್ಟುಕೊಡುವ ಹೆಂಗಸಲ್ಲ. ಅವಳೊಂದಿಗೆ ಜಗಳ, ರಾಜಿ, ಮತ್ತೆ ಜಗಳ. ಈ ನಡುವೆ ಟೇಲರ್ ಬೋನಾಳ ಕೆರೆಯ ಕೆಲಸ ಮಾಡಿಸಿದ, ಗುಡ್ಡದ ಮೇಲೆ ಮನೆ ಕಟ್ಟಿಸಿದ. ಅದು ಇಂದಿಗೂ ಟೇಲರ್ ಮಂಜಿಲ್. ಹೆಂಡತಿ ಮೇರಿ ಪಾಮರ್ 1844ರಲ್ಲಿ ತೀರಿಕೊಂಡಳು. ಹುಡುಗ ವೆಂಕಟಪ್ಪ ಅವನನ್ನು 'ಅಪ್ಪಾ' ಎನ್ನುತ್ತಿದ್ದ.

1853ರಲ್ಲಿ ಟೇಲರನಿಗೆ ನಳದುರ್ಗಕ್ಕೆ ವರ್ಗವಾಯಿತು. ಐದು ವರ್ಷದೊಳಗೆ ಆ ಹುಡುಗ ಬ್ರಿಟಿಷರ ವಿರುದ್ಧ ಬಂಡೆದ್ದ. ಕ್ಯಾಪ್ಟನ್ ನ್ಯೂಬೆರಿ, ಲೆಫ್ಟಿನೆಂಟ್ ಸ್ಟುವರ್ಟ್ ಸುರಪುರದ ಕಾಳಗದಲ್ಲಿ ಬಿದ್ದರು. ರಾಜ ಹೈದರಾಬಾದಿಗೆ ಹೋಗಿ ಸೆರೆಸಿಕ್ಕ. ಮರಣದಂಡನೆ ಇಳಿದು ಇಳಿದು ನಾಲ್ಕು ವರ್ಷದ ಸೆರೆಯಾಯಿತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿಸಿಕೊಂಡನೆಂದು ಟೇಲರ್ ಬರೆದಿದ್ದಾನೆ. ಅವನ ಬರಹದಲ್ಲಿ ದುಃಖ ನಿಜವೇ. ಆದರೆ ತನ್ನ ಸರಕಾರವೇ ಹುಡುಗನನ್ನು ಮೂಲೆಗೆ ಒತ್ತಿತೇ ಎಂಬ ಪ್ರಶ್ನೆಯ ಹತ್ತಿರ ಅವನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. 1860ರಲ್ಲಿ ಸುರಪುರ ನಿಜಾಮರ ಪಾಲಾಯಿತು. ಟೇಲರನೂ ಅದೇ ವರ್ಷ ಊರಿಗೆ ಹೊರಟ.

ನನಗೆ ಈ ಮನುಷ್ಯ ಮುಖ್ಯವಾಗುವುದು ಬೇರೆ ಕಾರಣಕ್ಕೆ. ಹುಣಸಗಿ ಕಡೆಯ ರಾಜನಕೊಳೂರಿನಲ್ಲಿ ಚಪ್ಪಡಿಗಲ್ಲು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕೋಣೆಗಳಿವೆ. ಮೂರು ಗೇಣು ಎತ್ತರದ, ದೈತ್ಯಬಲದ ಮೋರೇರು ಕಟ್ಟಿಕೊಂಡ ಮನೆಗಳು ಅವೆಂದು ಊರವರು ಅವನಿಗೆ ಹೇಳಿದರು. ಟೇಲರ್ ಕಥೆಯನ್ನೂ ಬರೆದುಕೊಂಡ, ಅಳತೆಯನ್ನೂ ತೆಗೆದ. ಜೇವರ್ಗಿಯಲ್ಲಿ ಕಲ್ಲುಗುಪ್ಪೆಗಳನ್ನು ಅಗೆಸಿದಾಗ ಅಸ್ಥಿ, ಮಡಕೆ, ಕಬ್ಬಿಣದ ಆಯುಧ ಸಿಕ್ಕವು. ಆ ಕಾಲದಲ್ಲಿ ಅಗೆಯುವವರು ಹುಡುಕುತ್ತಿದ್ದದ್ದು ನಿಧಿ. ಇವನು ಗುಂಡಿಯ ಗೋಡೆ ನೋಡಿದ: ಯಾವ ಪದರದ ಕೆಳಗೆ ಯಾವ ಮಣ್ಣು, ಕಲ್ಲು ಎಲ್ಲಿ, ತಲೆಬುರುಡೆ ಎಲ್ಲಿ. ಹಾಗೆ ಬರೆದ ಅಡ್ಡಸೀಳು ಚಿತ್ರಗಳನ್ನು ನೂರು ವರ್ಷದ ನಂತರ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಮೆಚ್ಚಿ ಎತ್ತಿ ತೋರಿಸಿದ.

ರುಂಡವೊಂದು ಕಡೆ, ಮುಂಡವೊಂದು ಕಡೆ ಸಿಕ್ಕಾಗ ಮಾತ್ರ ಟೇಲರ್ ನರಬಲಿ ಎಂದುಬಿಟ್ಟ. ಥಗ್ಗರ ಕಥೆ ಬರೆದ ಕೈ ಅದು, ಏನು ಮಾಡುವುದು! ದೇಹ ಕರಗಿದ ಮೇಲೆ ಮೂಳೆಗಳನ್ನು ಆಯ್ದು ಹೂಳುವ ಪದ್ಧತಿಯೂ ಇತ್ತೆಂಬುದು ಮುಂದಿನವರಿಗೆ ತಿಳಿಯಿತು. ಈ ಗೋರಿಗಳನ್ನು ಐರ್ಲೆಂಡಿನವುಗಳೊಂದಿಗೆ ಹೋಲಿಸಿ ಅಲ್ಲಿನ ರಾಯಲ್ ಅಕಾಡೆಮಿಗೂ ಅವನು ಪ್ರಬಂಧ ಕೊಟ್ಟ. ಲಿಂಗಸುಗೂರಿಗೆ ಹತ್ತಿರದ ಮಸ್ಕಿಯತ್ತ ವಿದ್ವಾಂಸರ ಕಣ್ಣು ತಿರುಗಿದ್ದು ತಡವಾಗಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅಶೋಕನ ಶಾಸನ ಕಂಡ, 1954ರಲ್ಲಿ ಬಿ.ಕೆ. ಥಾಪರ್ ಅಗೆದಾಗ ಕಬ್ಬಿಣಯುಗದ ಗೋರಿಗಳು ಅಲ್ಲೂ ಹೊರಬಂದವು.

ಟೇಲರ್ 1875ರಲ್ಲಿ ಮತ್ತೊಮ್ಮೆ ಹೈದರಾಬಾದಿಗೆ ಬಂದ. ಆರೋಗ್ಯ ಕೆಟ್ಟಿತು. ಮರಳುವ ದಾರಿಯಲ್ಲಿ 1876ರ ಮೇ 13ರಂದು ಫ್ರಾನ್ಸಿನ ಮಾಂತೋನ್ ಪಟ್ಟಣದಲ್ಲಿ ಸತ್ತ. ಮಣ್ಣಾದದ್ದೂ ಅಲ್ಲೇ, ಅವನದಲ್ಲದ ಊರಿನಲ್ಲಿ. ಆತ್ಮಕಥೆಯನ್ನು ಮಗಳು ಮರುವರ್ಷ ಅಚ್ಚು ಹಾಕಿಸಿದಳು. ಚಾಂದಬೀಬಿಯ ಕುರಿತ ಕೊನೆಯ ಕಾದಂಬರಿ ಬಂದದ್ದು 1878ರಲ್ಲಿ. ಅದರಲ್ಲಿ ನಮ್ಮ ಲಿಂಗಸುಗೂರು ತಾಲ್ಲೂಕಿನ ಜಲದುರ್ಗವಿದೆ, ಮುದಗಲ್ಲಿನ ಕ್ರೈಸ್ತರಿದ್ದಾರೆ.

1905ರಲ್ಲಿ ಲಿಂಗಸುಗೂರು ಜಿಲ್ಲೆ ರದ್ದಾಗಿ ಸುರಪುರ, ಶಹಾಪುರ ಗುಲ್ಬರ್ಗಕ್ಕೆ, ಉಳಿದವು ರಾಯಚೂರಿಗೆ ಹೋದವು. ಟೇಲರನ ಜಾಡು ಹಿಡಿಯುವವರು ಈಗ ಮೊದಲು ಜಲದುರ್ಗ ನೋಡಿ, ಕೃಷ್ಣೆ ದಾಟಿ ಯಾದಗಿರಿ ಜಿಲ್ಲೆಗೆ ಕಾಲಿಟ್ಟು ರಾಜನಕೊಳೂರು, ಸುರಪುರಗಳಿಗೆ ಹೋಗಬೇಕು. ಬೇಸಿಗೆಯಲ್ಲಿ ಬೇಡ; ಆ ಬಂಡೆಗಳ ನಡುವೆ ನೆರಳಿಲ್ಲ.