ಪೆಟ್ರೋನೆಟ್ ಷೇರು: ಗ್ಯಾಸ್ ರೇಟಲ್ಲ, ಟರ್ಮಿನಲ್ ತುಂಬಿದೆಯಾ ನೋಡಿ

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. ಹಾಸನದ ಮೂಲಕ ಹಾದುಹೋಗುವ ಮಂಗಳೂರು–ಬೆಂಗಳೂರು ತೈಲ ಪೈಪ್‌ಲೈನ್ ‘ಪೆಟ್ರೋನೆಟ್ ಎಂಎಚ್‌ಬಿ’ ಕಂಪನಿಯದು. ಎಚ್‌ಪಿಸಿಎಲ್ ಮತ್ತು ಒಎನ್‌ಜಿಸಿ ಒಡೆತನದ ಈ ಕಂಪನಿ ಸಾಗಿಸುವುದು ಪೆಟ್ರೋಲ್, ಡೀಸೆಲ್. ಇದರ ಷೇರು ಪೇಟೆಯಲ್ಲಿ ಸಿಗುವುದಿಲ್ಲ. ಸಿಗುವುದು ‘ಪೆಟ್ರೋನೆಟ್ ಎಲ್‌ಎನ್‌ಜಿ’, ಅದು ಬೇರೆಯೇ ಕಂಪನಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ಕೂತು ಮೊಬೈಲಲ್ಲೇ ಷೇರು ಕೊಳ್ಳುವವರು ‘ನಮ್ಮೂರ ಪೈಪಿನ ಕಂಪನಿ’ ಅಂದುಕೊಂಡು ದುಡ್ಡು ಹಾಕಬಾರದು.

ಕಂಪನಿಯ ಕೆಲಸ ಏನು?

ನೈಸರ್ಗಿಕ ಅನಿಲವನ್ನು ಮೈನಸ್ 162 ಡಿಗ್ರಿಗೆ ತಂಪು ಮಾಡಿದರೆ ದ್ರವವಾಗುತ್ತೆ, ಗಾತ್ರ ಸುಮಾರು 600ರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಹಡಗಲ್ಲಿ ಬಂದ ದ್ರವವನ್ನು ಟರ್ಮಿನಲ್‌ನಲ್ಲಿ ಇಳಿಸಿ, ಮತ್ತೆ ಅನಿಲ ಮಾಡಿ ಪೈಪಿಗೆ ಬಿಡಬೇಕು. ಪೆಟ್ರೋನೆಟ್‌ನ ಮುಖ್ಯ ಗಳಿಕೆ ಈ ಕೆಲಸದ ಶುಲ್ಕ. ಒಂಥರಾ ನಮ್ಮ ಆಲೂಗಡ್ಡೆ ಕೋಲ್ಡ್ ಸ್ಟೋರೇಜ್ ಇದ್ದ ಹಾಗೆ: ಮಾಲಿನ ರೇಟು ಏನೇ ಇರಲಿ, ಚೀಲಕ್ಕಿಷ್ಟು ಬಾಡಿಗೆ. ಆದರೆ ಚೀಲವೇ ಬರದಿದ್ದರೆ?

ರಿಸ್ಕ್ ಎಲ್ಲಿದೆ?

ಒಂದು, ಬೆಲೆ. ಏಷ್ಯಾದ ತತ್‌ಕ್ಷಣದ ಮಾರುಕಟ್ಟೆಯಲ್ಲಿ ಹತ್ತು ಲಕ್ಷ ಬಿಟಿಯು ಅನಿಲಕ್ಕೆ 2020ರ ಮಧ್ಯದಲ್ಲಿ 2 ಡಾಲರ್ ಆಸುಪಾಸು ಇದ್ದದ್ದು, ಉಕ್ರೇನ್ ಯುದ್ಧದ ನಂತರ 2022ರಲ್ಲಿ 70 ಡಾಲರ್ ದಾಟಿತ್ತು. ಅಷ್ಟು ಕೊಟ್ಟು ಕಾರ್ಖಾನೆಗಳು ಕೊಳ್ಳಲ್ಲ, ಬೇರೆ ಇಂಧನಕ್ಕೆ ಹೋಗ್ತವೆ. ಟರ್ಮಿನಲ್ ಖಾಲಿ ಹೊಡೆಯುತ್ತೆ.

ಎರಡು, ಪೈಪ್. ವರ್ಷಕ್ಕೆ 50 ಲಕ್ಷ ಟನ್ ಸಾಮರ್ಥ್ಯದ ಕೊಚ್ಚಿ ಟರ್ಮಿನಲ್ 2013ರಲ್ಲೇ ಸಿದ್ಧವಾಯಿತು. ಆದರೆ ಕೊಚ್ಚಿ–ಮಂಗಳೂರು ಪೈಪ್‌ಲೈನ್ ಉದ್ಘಾಟನೆಯಾಗಿದ್ದು 2021ರ ಜನವರಿಯಲ್ಲಿ. ಜಮೀನಿನ ತಕರಾರುಗಳಿಂದ ಕೆಲಸ ನಿಂತಿತ್ತು. ಮೊದಲ ಕೆಲವು ವರ್ಷ ಟರ್ಮಿನಲ್‌ನ ಹತ್ತರಲ್ಲೊಂದು ಪಾಲೂ ಬಳಕೆಯಾಗಲಿಲ್ಲ.

ಮೂರು, ಒಂದೇ ಬಾಗಿಲು. ಕತಾರ್‌ನಿಂದ ವರ್ಷಕ್ಕೆ 75 ಲಕ್ಷ ಟನ್ ತರುವ ಒಪ್ಪಂದ 2024ರಲ್ಲಿ ನವೀಕರಣವಾಗಿ 2048ರವರೆಗೆ ವಿಸ್ತರಿಸಿದೆ. ಪೂರೈಕೆಗೆ ಇದು ಭದ್ರತೆ ನಿಜ. ಆದರೆ ಆ ಹಡಗುಗಳು ಹಾರ್ಮುಜ್ ಜಲಸಂಧಿ ದಾಟಿಯೇ ಬರಬೇಕು.

ನಾಲ್ಕು, ಮಾಲೀಕರೇ ಗಿರಾಕಿಗಳು. ಗೇಲ್, ಇಂಡಿಯನ್ ಆಯಿಲ್, ಬಿಪಿಸಿಎಲ್, ಒಎನ್‌ಜಿಸಿ ತಲಾ ಶೇ. 12.5 ಷೇರು ಹೊಂದಿವೆ. ಇವುಗಳಲ್ಲಿ ಮೊದಲ ಮೂರು ಕಂಪನಿಗಳೇ ದೊಡ್ಡ ಖರೀದಿದಾರರು. ಶುಲ್ಕ ಏರಿದರೆ ಪೆಟ್ರೋನೆಟ್‌ಗೆ ಲಾಭ, ಇವರಿಗೆ ಖರ್ಚು. ಸಣ್ಣ ಷೇರುದಾರನ ಪರ ಮಾತಾಡೋರು ಯಾರು?

ಐದು, ಲಾಭದ ಹಣ ಹೋಗುವ ದಾರಿ. ದಹೇಜ್‌ನಲ್ಲಿ 20,685 ಕೋಟಿ ರೂಪಾಯಿಯ ಪೆಟ್ರೋಕೆಮಿಕಲ್ ಘಟಕಕ್ಕೆ ಕಂಪನಿ 2023ರಲ್ಲಿ ಒಪ್ಪಿಗೆ ಕೊಟ್ಟಿತು. ಇದು ಬಾಡಿಗೆ ವ್ಯವಹಾರ ಅಲ್ಲ. ಇಲ್ಲಿ ಮಾಲಿನ ರೇಟಿನ ಏರಿಳಿತ ನೇರವಾಗಿ ಕಂಪನಿಯ ತಲೆ ಮೇಲೆ.

ಏನು ನೋಡಬೇಕು?

ಡಿವಿಡೆಂಡ್ ಚೆನ್ನಾಗಿದೆ ಅನ್ನೋದು ಸಾಲದು. ಮೂರು ತಿಂಗಳಿಗೊಮ್ಮೆ ಬರುವ ಫಲಿತಾಂಶದಲ್ಲಿ ಮೂರು ಲೆಕ್ಕ ಹುಡುಕಿ: ದಹೇಜ್ ಮತ್ತು ಕೊಚ್ಚಿ ಎಷ್ಟು ಶೇಕಡ ಓಡಿವೆ, ಕಾಯ್ದಿರಿಸಿದ ಸಾಮರ್ಥ್ಯ ಬಳಸದ ಗಿರಾಕಿಗಳಿಂದ ಬಾಕಿ ಎಷ್ಟಿದೆ, ಹೊಸ ಘಟಕಕ್ಕೆ ಎಷ್ಟು ಸುರಿದಿದ್ದಾರೆ. ಈ ಮೂರೂ ಅರ್ಥವಾಗುವ ತನಕ ಕೊಬ್ಬರಿ ಮಾರಿದ ದುಡ್ಡು ಬ್ಯಾಂಕಲ್ಲೇ ಇರಲಿ.